ರಜೆ ದಿನ ಬಾರದ ಕೆಮ್ಮು

ಕಾರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುವುದು ನನ್ನ ಕೆಲಸವಾಗಿತ್ತು. 11 ವರ್ಷ ಮಾಡಿದೆ. ಒಂಬತ್ತನೇ ವರ್ಷದಲ್ಲಿ ಕೆಮ್ಮು ಶುರುವಾಯಿತು.

ಹಗಲು ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಅಂದರೆ ಬೂತ್‌ನಲ್ಲಿ ಇರುವಾಗ ಏನೂ ಆಗುತ್ತಿರಲಿಲ್ಲ. ಮನೆಗೆ ಬಂದು ಮಲಗಿದ ಮೇಲೆ ಎದೆ ಬಿಗಿಯುತ್ತಿತ್ತು, ಉಸಿರು ಸುಯ್‌ಗುಟ್ಟುತ್ತಿತ್ತು. ಹಾಗಾಗಿ ಕೆಲಸದ ಮೇಲೆ ಅನುಮಾನವೇ ಬರಲಿಲ್ಲ. ಶೀತ ಇರಬೇಕು ಅಂತ ಸುಮ್ನೆ ಸಿರಪ್ ಕುಡಿಯುತ್ತಾ ಎರಡು ವರ್ಷ ಕಳೆದೆ.

"ರಜೆ ಇದ್ದಾಗ ಹೇಗಿರುತ್ತೆ?" ಅಂತ ಕೊನೆಗೆ ಒಬ್ಬ ಡಾಕ್ಟರ್ ಕೇಳಿದರು. ರಜೆಯಲ್ಲಿ ಕೆಮ್ಮೇ ಇರುತ್ತಿರಲಿಲ್ಲ! ಅದುವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅವರು ಪೀಕ್ ಫ್ಲೋ ಮೀಟರ್ ಕೊಟ್ಟರು. ಜೋರಾಗಿ ಊದಿದರೆ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ತೋರಿಸುವ ಪುಟ್ಟ ಕೊಳವೆ ಅದು. ಎದ್ದಿರುವಷ್ಟು ಹೊತ್ತು 2 ಗಂಟೆಗೊಮ್ಮೆ ಊದಬೇಕು. ಪ್ರತಿ ಸಲ ಮೂರು ಬಾರಿ ಊದಿ, ಜಾಸ್ತಿ ಬಂದದ್ದನ್ನು ಬರೆಯಬೇಕು. ಹೀಗೆ 4 ವಾರ, ರಜೆ ದಿನವೂ ಸೇರಿ. ಬೇಸರದ ಕೆಲಸ ನಿಜ, ಆದರೆ ಬಿಡಲಿಲ್ಲ. ರಜೆ ದಿನ 500ರ ಮೇಲಿದ್ದ ಅಂಕಿ, ಕೆಲಸದ ದಿನಗಳಲ್ಲಿ ಸಂಜೆ ಹೊತ್ತಿಗೆ 400ಕ್ಕೂ ಕೆಳಗೆ ಇಳಿಯುತ್ತಿತ್ತು. ಇನ್ಯಾವ ಸಾಕ್ಷಿ ಬೇಕು?

ಕಾರಣ, ಪೇಂಟ್‌ಗೆ ಅದು ಗಟ್ಟಿಯಾಗಲಿ ಅಂತ ಬೆರೆಸುವ ಹಾರ್ಡ್‌ನರ್. ಅದರಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕ ಆಸ್ತಮಾ ತರಬಲ್ಲದು. ನಾವೆಲ್ಲ ಥಿನ್ನರ್ ವಾಸನೆಗೆ ಹೆದರುತ್ತಿದ್ದೆವು. ಆದರೆ ಐಸೊಸಯನೇಟ್ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿ ಅದು ಆಗಲೇ ಮಿತಿ ಮೀರಿರುತ್ತದೆ. ನಾನು ಹಾಕುತ್ತಿದ್ದದ್ದು ಧೂಳಿನ ಮಾಸ್ಕ್, ಅದು ಆವಿಯನ್ನು ತಡೆಯುವುದಿಲ್ಲ. ಹೊಡೆದು ಮುಗಿಸಿದ ಕೂಡಲೇ ಮಾಸ್ಕ್ ಎತ್ತಿ ಫಿನಿಶ್ ನೋಡುತ್ತಿದ್ದೆ. ಆಗಲೂ ಕಣ್ಣಿಗೆ ಕಾಣದ ಮಂಜು ಬೂತ್‌ನಲ್ಲಿ ತೇಲುತ್ತಲೇ ಇರುತ್ತದೆ. ಸ್ಪ್ರೇ ಗನ್ ತೊಳೆಯುತ್ತಿದ್ದದ್ದು ಬರಿಗೈಯಲ್ಲಿ. ಚರ್ಮಕ್ಕೆ ತಾಗಿದರೂ ದೇಹ ಅದರ ಮೇಲೆ ತಿರುಗಿಬೀಳಬಹುದು ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ ಪೈಪಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಹಾಕಿದೆ, ಕೈಗವಸು ಹಾಕಿದೆ. ಮೊದಲ ದಿನದಿಂದ ಹಾಕಬೇಕಿದ್ದದ್ದು ಅದನ್ನೇ. ಆದರೆ ಒಮ್ಮೆ ದೇಹಕ್ಕೆ ಒಗ್ಗದಂತೆ ಆದ ಮೇಲೆ ಚೂರೇ ಚೂರು ಸಾಕು. ಪಕ್ಕದ ಬೂತ್‌ನಲ್ಲಿ ಯಾರೋ ಹೊಡೆದರೂ ರಾತ್ರಿ ಉಬ್ಬಸ ಬರುತ್ತಿತ್ತು. ಕೊನೆಗೆ ಪೇಂಟ್ ಕೆಲಸವನ್ನೇ ಬಿಟ್ಟೆ. ತುಂಬಾ ಸಂಕಟವಾಯಿತು, ಕೈಗೆ ಕೂತಿದ್ದ ಕಸುಬು ಅಲ್ವಾ?

ನನ್ನ ಜೊತೆಗಿದ್ದ ಹುಡುಗನಿಗೂ ರಾತ್ರಿ ಕೆಮ್ಮು ಬಂತು. ನನ್ನ ಪಟ್ಟಿ ತೋರಿಸಿ ಅವನನ್ನು ಅದೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಕೆಮ್ಮು ಶುರುವಾದ ಎರಡೇ ತಿಂಗಳಿಗೆ ಅವನು ಬೂತ್ ಬಿಟ್ಟ. ಈಗ ಅವನಿಗೆ ಇನ್‌ಹೇಲರ್ ಬೇಕಾಗಿಲ್ಲ. ನನಗೆ ಈಗಲೂ ಬೇಕು.