ಹಳೇ ಆರ್15 ಗಾಡಿಯನ್ನು ಕೊಡಗಿಗೆ ಒಗ್ಗಿಸುವುದು ಹೇಗೆ

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕಥೆ ಕವನ ಬರೆಯುವ ರೈಟರ್ ಅಂದ್ಕೋಬೇಡಿ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕೊಯ್ಲಿನ ಕಿಲೋ ಬರೆಯುವ ರೈಟರ್. ಈ ಕೆಲಸಕ್ಕೆ ಬೇಕಾದದ್ದು ಹಿಂದೆ ಕ್ಯಾರಿಯರ್ ಇರುವ ನೂರು ಸಿಸಿ ಬೈಕು. ಅದು ಬಿಟ್ಟು 2020ರಲ್ಲಿ ನಾನು 2014ರ ಮಾಡೆಲಿನ ಯಮಹಾ ಆರ್15 ತಂದು ಕಣದ ಪಕ್ಕ ನಿಲ್ಲಿಸಿದೆ. ಸಾಹುಕಾರ್ರು ಬಂದು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದರು.

"ಏನ್ ರೈಟ್ರೇ, ಇದ್ರಲ್ಲಿ ಯೂರಿಯಾ ಮೂಟೆ ಎಲ್ಲಿ ಇಡ್ತೀರಿ?"

ಅವರು ಪ್ರಾಯದಲ್ಲಿ ಓಡಿಸಿದ್ದು ಮೈಸೂರಿನಲ್ಲೇ ತಯಾರಾದ ಯೆಜ್ದಿ ರೋಡ್‌ಕಿಂಗ್. 250 ಸಿಸಿ, 16 ಕುದುರೆಶಕ್ತಿ. ನನ್ನದು 149.8 ಸಿಸಿ, 17ರ ಆಸುಪಾಸು. ಈ ಲೆಕ್ಕ ಒಪ್ಪಿಸಿದ ಮೇಲೆ ಅವರು ಇನ್ನೊಂದು ಸುತ್ತು ಹಾಕಿದರು, ಈ ಸಲ ಸ್ವಲ್ಪ ಬಗ್ಗಿ ನೋಡುತ್ತಾ.

ಇಷ್ಟು ಸಣ್ಣ ಎಂಜಿನ್ನಿಗೆ ಸ್ಪೋರ್ಟ್ಸ್ ಬೈಕಿನ ವೇಷ ಯಾಕೆ ಅಂತ ಕೇಳುವವರಿಗೆ ನಾನು ಕೆದಕಲ್‌ನಿಂದ ಬೋಯಿಕೇರಿವರೆಗಿನ ರಸ್ತೆ ತೋರಿಸುತ್ತೇನೆ. ಅಲ್ಲಿ ನೆಟ್ಟಗಿನ ರಸ್ತೆ ಸಿಗುವುದೇ ಅಪರೂಪ. ವಾರಾಂತ್ಯಕ್ಕೆ ದೊಡ್ಡ ದೊಡ್ಡ ಗಾಡಿ ತರುವ ಬೆಂಗಳೂರಿನ ಹುಡುಗರು ಆಕ್ಸಿಲರೇಟರ್ ತಿರುಗಿಸುವಷ್ಟರಲ್ಲಿ ಮುಂದಿನ ತಿರುವು ಬಂದು ಬ್ರೇಕ್ ಹಿಡಿಯಬೇಕು. ಪಾಪ, ಕೊಟ್ಟ ದುಡ್ಡಿನಲ್ಲಿ ಕಾಲು ಭಾಗವನ್ನೂ ಅವರು ಇಲ್ಲಿ ಬಳಸಲಾರರು. ನನ್ನ ಗಾಡಿಯ ಪೂರ್ತಿ ಶಕ್ತಿ ಹೊರಡುವುದು 8,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಲ್ಲಿಗೆ ಮುಟ್ಟಿಸಲು ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು ಅಂತ ಕೈಕಾಲಿಗೆ ಬಿಡುವಿಲ್ಲದ ಕೆಲಸ. ಎಂಜಿನ್ ಪ್ರಾಣ ಹೋದ ಹಾಗೆ ಕೂಗುತ್ತಿರುತ್ತದೆ, ಮೀಟರ್ ನೋಡಿದರೆ ಐವತ್ತೈದು! ಹ್ಯಾಂಡಲ್ ಬುಡದಿಂದ ಹಿಂದಿನ ಚಕ್ರದ ತೋಳಿನವರೆಗೆ ಹೋಗುವ ಡೆಲ್ಟಾಬಾಕ್ಸ್ ಫ್ರೇಮು ಗಟ್ಟಿಯಾಗಿರುವುದರಿಂದ, ತಿರುವಿನಲ್ಲಿ ಒಮ್ಮೆ ಹಿಡಿದ ದಾರಿಯನ್ನು ಗಾಡಿ ಬಿಡುವುದಿಲ್ಲ. ತೂಕ 136 ಕಿಲೋ. ಬಿದ್ದರೆ ಒಬ್ಬನೇ ಎತ್ತಬಹುದು. ನಾನು ಎತ್ತಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಕೊಳ್ಳುವಾಗ

ಆರ್15 ಮೊದಲು ಬಂದದ್ದು 2008ರಲ್ಲಿ. 2011ರಲ್ಲಿ ಎರಡನೇ ಆವೃತ್ತಿ, ನನ್ನದು ಅದೇ. 2018ರದ್ದು 155 ಸಿಸಿ. ಸೊಂಟ ಚೆನ್ನಾಗಿರುವವರು ಆ ಮೂರನೆಯದನ್ನು ನೋಡಿ. ಹ್ಯಾಂಡಲ್ ಇನ್ನೂ ತಗ್ಗು, ಬಗ್ಗುವುದು ಜಾಸ್ತಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಬೇಕೇ ಬೇಕು ಅನ್ನುವವರು 2019ರಿಂದ ಈಚಿನದನ್ನೇ ಹುಡುಕಿ. ನನ್ನ ಗಾಡಿಗೆ ಅದಿಲ್ಲ, ಮಳೆಗಾಲದಲ್ಲಿ ಅದರ ಬೆಲೆ ಏನೆಂದು ಗೊತ್ತಾಗುತ್ತದೆ.

ಕೊಡಗಿನದೇ ಕೆಎ-12 ನಂಬರಿನ ಸೆಕೆಂಡ್ ಹ್ಯಾಂಡ್ ಆರ್15 ನಮ್ಮ ಕಡೆ ಸುಲಭಕ್ಕೆ ಸಿಗಲ್ಲ. ನನ್ನದು ಮೈಸೂರಿನಿಂದ ಬಂದ ಕೆಎ-09. ರಾಜ್ಯದ ಒಳಗಿನದಾದ್ದರಿಂದ ಹೊಸ ನಂಬರಿನ ರಗಳೆ ಇಲ್ಲ, ಫಾರಂ 29 ಮತ್ತು 30 ಹಾಕಿ ಹೆಸರು ಬದಲಾಯಿಸಿಕೊಂಡರೆ ಆಯಿತು. ಸಾಲದ ಗಾಡಿಯಾಗಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರದೆ ದುಡ್ಡು ಕೊಡಬೇಡಿ.

ಗಾಡಿ ನೋಡಲು ಹೋಗುವ ಮೊದಲು ಫೋನಿನಲ್ಲೇ ಹೇಳಿಬಿಡಿ: "ನಾವು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ." ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ನಾನು ಇದನ್ನು ಮಾಡಲಿಲ್ಲ. ಮಾರುವವನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಟ್ಟಿದ್ದ. ಶಬ್ದ ವೀಣೆಯ ಹಾಗಿತ್ತು. ಮರುದಿನ ಬೆಳಿಗ್ಗೆ ತೋಟದ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಎಡಗಡೆಯಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಹಾಗೆ ಟರ್ರ್ ಅಂತ ಸದ್ದು. ಎಂಜಿನ್ ಒಳಗಿನ ಟೈಮಿಂಗ್ ಚೈನು ಸಡಿಲವಾಗಿತ್ತು. ಬಿಚ್ಚಿ ಹಾಕಿಸಲು ನಾಲ್ಕು ಸಾವಿರ ಹೋಯಿತು.

ಇನ್ನು ಬಿದ್ದ ಗಾಡಿಯ ಗುರುತು. ಫೇರಿಂಗ್‌ನ (ಗಾಡಿಯ ಮೈಮೇಲಿನ ಪ್ಲಾಸ್ಟಿಕ್ ಕವಚದ) ಬಣ್ಣ ನೋಡಿ ಮೋಸ ಹೋಗಬೇಡಿ, ಹೊಸದು ಹಾಕಿಸಿರುತ್ತಾರೆ. ಫುಟ್‌ರೆಸ್ಟಿನ ತುದಿ, ಬ್ರೇಕ್ ಲಿವರಿನ ತುದಿಯ ಗುಂಡು, ಸೈಲೆನ್ಸರಿನ ಹೊರ ಅಂಚು, ಈ ಮೂರನ್ನು ಬೆರಳಿನಲ್ಲಿ ಸವರಿ. ಮುಂದಿನ ಫೋರ್ಕಿನ ಕೊಳವೆ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಎದುರಿಗೆ ನಿಂತು ನೋಡಿದಾಗ ಎರಡೂ ಹ್ಯಾಂಡಲ್ ಒಂದೇ ಮಟ್ಟದಲ್ಲಿರಬೇಕು.

ದುಡ್ಡು ಎಲ್ಲಿ ಹಾಕಬೇಕು

ಎಲ್ಲರೂ ಮೊದಲು ಸ್ಟಿಕ್ಕರಿಗೆ ಹಾಕುತ್ತಾರೆ. ನೀವು ಟೈರಿಗೆ ಹಾಕಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳವಿರಲಿ, ಹಳೇ ರಬ್ಬರು ಕಲ್ಲಾಗಿರುತ್ತದೆ. ನನ್ನ ಗಾಡಿಗೆ ಕಂಪನಿ ಕೊಟ್ಟ ಅಳತೆ ಮುಂದೆ 90/80-17, ಹಿಂದೆ 130/70-17. ವಿರಾಜಪೇಟೆಯ ಗೆಳೆಯನೊಬ್ಬ ದಪ್ಪ ಕಾಣಲಿ ಅಂತ ಹಿಂದಿನ ಅದೇ ರಿಮ್ಮಿಗೆ 150 ಮಿಲಿಮೀಟರ್ ಅಗಲದ್ದು ಹಾಕಿಸಿದ. ರಿಮ್ಮು ಅಗಲ ಸಾಲದೆ ಟೈರು ಹಿಂಡಿದಂತಾಗಿ ನಡುವೆ ಚೂಪಾಯಿತು. ಆಮೇಲೆ ಗಾಡಿ ಮೊದಲು ವಾಲಲು ಒಪ್ಪುವುದಿಲ್ಲ, ಒಪ್ಪಿದರೆ ದಿಢೀರನೆ ಬಿದ್ದ ಹಾಗೆ ವಾಲುತ್ತದೆ. ಮೂರೇ ತಿಂಗಳಿಗೆ ಹಳೆಯ ಅಳತೆಗೆ ಮರಳಿದ.

ಟೈರ್ ಆದ ಮೇಲೆ ಬ್ರೇಕು. ಪ್ಯಾಡ್ ಎಲ್ಲರೂ ನೋಡುತ್ತಾರೆ, ಬ್ರೇಕ್ ಆಯಿಲ್ ಮರೆಯುತ್ತಾರೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮೂರಲ್ಲಿ ತೇವಕ್ಕೇನು ಬರವೇ? ಎರಡು ವರ್ಷಕ್ಕೊಮ್ಮೆ, ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದನ್ನೇ ಬದಲಾಯಿಸಿ. ಸಂಪಾಜೆ ಘಾಟಿ ಇಳಿಯುವಾಗ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗಿ ಒಳಗೆ ಹೋಗುತ್ತಿದ್ದರೆ ಎಣ್ಣೆ ಹಳತಾಗಿದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿದೆ.

ನಾನು ಬಿದ್ದದ್ದು ಮಾತ್ರ ಘಾಟಿಯಲ್ಲಲ್ಲ, ನಮ್ಮ ತೋಟದ ಗೇಟಿನ ಹತ್ತಿರ, ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ. ಸಿಲ್ವರ್ ಓಕ್ ಮರದ ಒದ್ದೆ ಎಲೆಯ ಮೇಲೆ ಮುಂದಿನ ಬ್ರೇಕು ಹಿಡಿದೆ, ಅಷ್ಟೇ. ಆ ಎಲೆ ಬೆಳ್ಳಿ ಬದಿ ಮೇಲೆ ಮಾಡಿ ಮಲಗಿದ್ದರೆ ನೋಡಲು ಏನು ಚಂದ! ಅದರ ಮೇಲೂ ರಸ್ತೆ ಅಂಚಿನ ಪಾಚಿಯ ಮೇಲೂ ಗಾಡಿ ನೆಟ್ಟಗಿರಬೇಕು, ಬೆರಳು ಬ್ರೇಕಿನಿಂದ ದೂರ ಇರಬೇಕು. ಬ್ರೇಕ್ ಹಿಡಿಯುವ ಕೆಲಸವೆಲ್ಲ ಎಲೆಗಿಂತ ಮೊದಲೇ ಮುಗಿಯಬೇಕು.

ನನ್ನ ಗಾಡಿಯಲ್ಲಿ ಮಾಡಿದ ಅತಿ ಅಗ್ಗದ ಮತ್ತು ನನಗೆ ಅತಿ ಇಷ್ಟದ ಬದಲಾವಣೆ ಟ್ರ್ಯಾಕ್ಟರ್ ಟ್ಯೂಬಿನದ್ದು. ಮುಂದಿನ ಮಡ್‌ಗಾರ್ಡ್ ಗಿಡ್ಡ. ಚಕ್ರ ಎರಚುವ ಕೆಸರೆಲ್ಲ ನೇರ ರೇಡಿಯೇಟರಿಗೆ ಹೋಗಿ ಅಂಟುತ್ತದೆ. ಒಣಗಿದರೆ ರೆಕ್ಕೆಗಳ ನಡುವೆ ಗಾರೆ ಹಾಕಿದ ಹಾಗೆ, ಗಾಳಿ ಆಡದೆ ಎಂಜಿನ್ ಬಿಸಿಯಾಗುತ್ತದೆ. ತೋಟದ ಟ್ರ್ಯಾಕ್ಟರಿನ ಹರಿದ ಟ್ಯೂಬಿನಿಂದ ಒಂದು ಗೇಣು ಉದ್ದ, ಮಡ್‌ಗಾರ್ಡಿನಷ್ಟೇ ಅಗಲದ ತುಂಡು ಕತ್ತರಿಸಿದೆ. ಟ್ಯೂಬಿಗೆ ತನ್ನದೇ ಒಂದು ಬಾಗು ಇರುತ್ತದಲ್ಲ, ಆ ಬಾಗು ಚಕ್ರದ ಕಡೆ ಬರುವ ಹಾಗೆ ಹಿಡಿದು, ಮಡ್‌ಗಾರ್ಡಿನ ಹಿಂತುದಿಯ ಒಳಗಿನಿಂದ ಎರಡು ಇಂಚು ಒತ್ತಿಟ್ಟು, ಕಾಯಿಸಿದ ಮೊಳೆಯಿಂದ ಎರಡು ತೂತು ಮಾಡಿ, ಅಗಲ ವಾಷರ್ ಹಾಕಿ ಸಣ್ಣ ಬೋಲ್ಟ್ ಬಿಗಿದೆ. ಬೋಲ್ಟಿನ ತಲೆ ಒಳಗಡೆ, ನಟ್ಟು ಹೊರಗಡೆ ಇರಲಿ. ತಿರುಗಾ ಮುರುಗಾ ಹಾಕಿದರೆ ಬೋಲ್ಟಿನ ತುದಿ ಟೈರನ್ನು ಕೊರೆಯುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗಾಡಿಯನ್ನು ಒತ್ತಿ ಫೋರ್ಕ್ ಕೆಳಗಿಳಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಖರ್ಚು ಹನ್ನೆರಡು ರೂಪಾಯಿ. ನಮ್ಮ ಮೆಕ್ಯಾನಿಕ್ ಕಾಕ ಇದನ್ನು ನೋಡಿ, "ರೈಟ್ರೇ, ಎಮ್ಮೆ ನಾಲಿಗೆ ತರ ಉಂಟು" ಅಂದ. ಮುಂದಿನ ಮಳೆಗಾಲದಲ್ಲಿ ಅವನ ಅಂಗಡಿಗೆ ಬಂದ ಎರಡು ಗಾಡಿಗೆ ತಾನೇ ಎಮ್ಮೆ ನಾಲಿಗೆ ಹಾಕಿಕೊಟ್ಟ.

ಇದರ ತದ್ವಿರುದ್ಧ ಹಿಂದಿನ ಮಡ್‌ಗಾರ್ಡ್ ಕಿತ್ತುಹಾಕುವ ಫ್ಯಾಷನ್. ನೋಡಲು ಚುರುಕಾಗಿ ಕಾಣುತ್ತದೆ, ನಿಜ. ಜುಲೈಯಲ್ಲಿ ಹಾಗೆ ಒಂದು ಸಲ ಮಡಿಕೇರಿಗೆ ಹೋಗಿ ಬನ್ನಿ, ಸೊಂಟದಿಂದ ಹೆಲ್ಮೆಟ್ಟಿನವರೆಗೆ ಬೆನ್ನ ಮೇಲೆ ಕೆಸರಿನ ಒಂದು ಪಟ್ಟಿ ಎದ್ದಿರುತ್ತದೆ.

ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಬದಲಾಯಿಸುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಲೆಕ್ಕ ಇಷ್ಟೇ: ಮುಂದಿನದರಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಮೂರಕ್ಕಿಂತ ಹೆಚ್ಚು ಹಲ್ಲು ಹೆಚ್ಚಿಸಿದ ಹಾಗೆ. ಏರಿನಲ್ಲಿ ಎಳೆತ ಸಿಗುತ್ತದೆ, ಆದರೆ ಕುಶಾಲನಗರ ದಾಟಿ ಮೈಸೂರು ರಸ್ತೆ ಹಿಡಿದ ಮೇಲೆ ಎಂಜಿನ್ ಆರನೇ ಗೇರಿನಲ್ಲೂ ಇಡೀ ಹೊತ್ತು ಅರಚುತ್ತಿರುತ್ತದೆ. ನಾನು ಹಾಕಿಸಿ, ಒಂದು ವರ್ಷ ಓಡಿಸಿ, ಹಳೆಯದಕ್ಕೇ ಬಂದೆ.

ಚೈನಿಗೆ ಮಾತ್ರ ಭಾನುವಾರ ಸಂಜೆ ಅರ್ಧ ಗಂಟೆ ಕೊಡಿ. ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡ್ ಒಂದನ್ನು ಹಳೇ ನೀರಿನ ಪೈಪಿನಿಂದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡಿದ್ದೇನೆ. ಕಣದ ಸಿಮೆಂಟಿನ ಮೇಲೆ ಗಾಡಿ ಎತ್ತಿ, ಎಂಜಿನ್ ಬಂದ್ ಮಾಡಿ (ಆನ್ ಇಟ್ಟು ಗೇರಿನಲ್ಲಿ ಚೈನ್ ಒರೆಸಲು ಹೋಗಿ ಬೆರಳಿನ ತುದಿ ಕಳೆದುಕೊಂಡವರಿದ್ದಾರೆ), ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕೂ ಬದಿ ತಿಕ್ಕಿ. ಪೆಟ್ರೋಲ್ ಬೇಡ, ಓ-ರಿಂಗ್ ಚೈನಾಗಿದ್ದರೆ ಕೊಂಡಿಗಳ ನಡುವಿನ ರಬ್ಬರ್ ಉಂಗುರ ಹಾಳಾಗುತ್ತದೆ. ಒರೆಸಿ, ಒಣಗಿಸಿ, ಚೈನಿನ ಒಳಬದಿಗೆ ಲ್ಯೂಬ್ ಬಿಡಿ, ತಿರುಗುವಾಗ ಅದು ತಾನೇ ಹೊರಕ್ಕೆ ಬರುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಮೂರು ನಾಲ್ಕು ಕಡೆ ಸಡಿಲ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬಂದರೆ ಚೈನಿನ ಆಯುಸ್ಸು ಮುಗಿಯುತ್ತಾ ಬಂತು.

ಬೇಡದ ಅಲಂಕಾರ

ಸೈಲೆನ್ಸರ್ ಬದಲಾಯಿಸಬೇಡಿ. ಸದ್ದಿಗೆ ದಂಡ ಬೀಳುವುದು ಒಂದು ಕಡೆ, ಸಣ್ಣ ಎಂಜಿನ್ನಿಗೆ ಬರಿ ಕೊಳವೆ ಹಾಕಿದರೆ ಕೆಳಗಿನ ಆರ್‌ಪಿಎಂನ ಎಳೆತ ಹೋಗುತ್ತದೆ. ಏರಿನಲ್ಲಿ ನಮಗೆ ಬೇಕಾದದ್ದೇ ಅದು. ನನಗೆ ಇನ್ನೊಂದು ಕಾರಣವೂ ಉಂಟು. ಸಂಜೆ ಆನೆಕಾಡಿನಲ್ಲೋ ಸಿದ್ದಾಪುರದ ಕಡೆಯ ತೋಟದ ರಸ್ತೆಯಲ್ಲೋ ಬಿದಿರು ಮುರಿಯುವ ಸದ್ದು ಕಿವಿಗೆ ಬೀಳಬೇಕು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ರೇಸ್ ಮಾಡುವುದು ಬೇಡ, ಮೆಲ್ಲಗೆ ತಿರುಗಿಸಿಕೊಂಡು ಬನ್ನಿ.

ಹೆಡ್‌ಲೈಟಿಗೆ ನೂರು ವಾಟ್ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಮಂಜಿನಲ್ಲಿ ಗೋಡೆಗೆ ಸುಣ್ಣ ಬಳಿದ ಹಾಗೆ ನಮ್ಮ ಮುಖಕ್ಕೇ ವಾಪಸ್ ಬರುತ್ತದೆ. ಮಂಜಿಗೆ ಡಿಮ್ಮೇ ಮದ್ದು, ಜೊತೆಗೆ ನಿಧಾನ.

ಬಣ್ಣ ಪೂರ್ತಿ ಬದಲಾಯಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕು. ನಂಬರ್ ಪ್ಲೇಟಿನ ಜೊತೆ ಆಟ ಬೇಡ. 2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗೂ ಈಗ ಎಚ್‌ಎಸ್‌ಆರ್‌ಪಿ (ಸರ್ಕಾರಿ ಅತಿ ಸುರಕ್ಷಿತ ನಂಬರ್ ಪ್ಲೇಟು) ಬೇಕು. ಸ್ಟಿಕ್ಕರ್ ನಿಮ್ಮಿಷ್ಟ. ನಾನು ಟ್ಯಾಂಕಿನ ಎರಡು ಬದಿಗೆ ಒರಟು ರಬ್ಬರಿನ ಪ್ಯಾಡ್ ಅಂಟಿಸಿದ್ದೇನೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮಂಡಿ ಟ್ಯಾಂಕನ್ನು ಅಪ್ಪಿ ಹಿಡಿಯುತ್ತದೆ, ಮೈಭಾರ ಮಣಿಕಟ್ಟಿನ ಮೇಲೆ ಬೀಳುವುದಿಲ್ಲ. ಕೈ ನೋಯುತ್ತದೆ ಅಂತ ಹ್ಯಾಂಡಲ್ ಎತ್ತರಿಸಲು ಹೊರಡುವವರು ಮೊದಲು ಇದನ್ನು ಮಾಡಿ ನೋಡಿ.

ಹಿಂದಿನ ಸೀಟಿಗೆ ಮಾತ್ರ ನನ್ನ ಹತ್ತಿರ ಪರಿಹಾರ ಇಲ್ಲ. ಅಮ್ಮನನ್ನು ಒಮ್ಮೆ ಓಂಕಾರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಇಳಿದವರೇ, "ಮಗಾ, ಅಟ್ಟದ ಮೇಲೆ ಕೂತು ಬಂದ ಹಾಗಾಯ್ತು. ವಾಪಸ್ ನಾನು ಬಸ್ಸಲ್ಲಿ ಬರ್ತೇನೆ" ಅಂದರು. ಬಸ್ಸಲ್ಲೇ ಬಂದರು.

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಗಾಡಿ ಹೊರಗೆ ತೆಗೆಯದ ದಿನಗಳೇ ಜಾಸ್ತಿ. ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ಒಳಗೆ ಬೆವರಿ ಸೀಟಿನ ಮೇಲೆ ಬೂಷ್ಟು ಬರುತ್ತದೆ, ಹಳೇ ಹತ್ತಿ ಬೆಡ್‌ಶೀಟು ಮೇಲು. ಇಲಿ ವೈರು ಕಡಿಯದಂತೆ ಸೀಟಿನ ಕೆಳಗೆ ನುಸಿಗುಳಿಗೆ ಕಟ್ಟಿಡಿ. ವಾರಕ್ಕೆರಡು ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿ. ಬ್ಯಾಟರಿ ಸತ್ತರೆ ಪೆಟ್ರೋಲ್ ಪಂಪೂ ಓಡುವುದಿಲ್ಲ, ತಳ್ಳಿದರೂ ಗಾಡಿ ಏಳಲ್ಲ. ಹೆಲ್ಮೆಟ್ಟಿನ ಒಳಗಿನ ಬಟ್ಟೆ ಬಿಚ್ಚಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ. ಹೊಗೆ ವಾಸನೆ ಬರುತ್ತದೆ, ಬೂಷ್ಟಿಗಿಂತ ವಾಸಿ.

ಎಲ್ಲ ಮುಗಿಸಿ ಮೊದಲ ಸಲ ಓಡಿಸುವವರಿಗೆ ಒಂದು ದಾರಿ ಹೇಳುತ್ತೇನೆ. ಡಿಸೆಂಬರಿನಲ್ಲಿ, ವಾರದ ನಡುವಿನ ದಿನ, ಬೆಳಿಗ್ಗೆ ಏಳಕ್ಕೆ ಸುಂಟಿಕೊಪ್ಪ ಬಿಡಿ. ಕೊಯ್ಲಿನ ಜೀಪುಗಳು ಅಷ್ಟರಲ್ಲಿ ಆಳುಗಳನ್ನು ಇಳಿಸಿ ಆಗಿರುತ್ತವೆ, ಪ್ರವಾಸಿಗಳು ಇನ್ನೂ ಎದ್ದಿರುವುದಿಲ್ಲ. ಮೊದಲ ಐದು ಕಿಲೋಮೀಟರ್ ಸುಮ್ಮನೆ ಹೋಗಿ, ಟೈರ್ ತಣ್ಣಗಿರುತ್ತದೆ. ಮಡಿಕೇರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಬಗ್ಗಿ ಹಿಂದಿನ ಟೈರಿಗೆ ಅಂಗೈ ಒತ್ತಿ. ನಡುವೆ ಮಾತ್ರವಲ್ಲ, ಅಂಚಿನ ಹತ್ತಿರವೂ ಬೆಚ್ಚಗಿರಬೇಕು. ನನ್ನದಿನ್ನೂ ಬಲಗಡೆ ಅಂಚು ಎಡಕ್ಕಿಂತ ಸ್ವಲ್ಪ ತಣ್ಣಗೇ ಇರುತ್ತದೆ. ಬಿದ್ದದ್ದು ಆ ಕಡೆಗೆ.