ವಾರಂಟಿ ಇದ್ದರೂ ದುಡ್ಡು ಕೇಳಿದರು, ವಾಷಿಂಗ್ ಮೆಷಿನ್ ಸರಿ ಮಾಡಿಸಿಕೊಂಡದ್ದು ಹೀಗೆ

ನಮ್ಮ ವಾಷಿಂಗ್ ಮೆಷಿನ್ ವಾರಂಟಿ ಮುಗಿಯುವ ಮೊದಲೇ ಕೆಟ್ಟಿತು. ನೀರು ತುಂಬುತ್ತಿತ್ತು, ಡ್ರಮ್ ಮಾತ್ರ ತಿರುಗುತ್ತಿರಲಿಲ್ಲ. ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿ, ಇಲಿ ವೈರ್ ಕಡಿದಿದೆ, ಇದು ವಾರಂಟಿಗೆ ಬರಲ್ಲ, ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್‌ಗೆ ದುಡ್ಡು ಕೊಡಬೇಕು ಎಂದರು. ಟಾರ್ಚ್ ಹಾಕಿ ನೋಡಿದೆ. ವೈರ್ ಎಲ್ಲೂ ಹರಿದಿರಲಿಲ್ಲ, ಹಿಕ್ಕೆಯೂ ಇರಲಿಲ್ಲ, ಬೋರ್ಡಿನ ಒಂದು ಮೂಲೆ ಮಾತ್ರ ಸುಟ್ಟು ಕಪ್ಪಾಗಿತ್ತು. ಅಲ್ಲೇ ಫೋಟೊ ತೆಗೆದೆ. ಇಲಿ ಕಡಿದ ಜಾಗ ಯಾವುದು ಅಂತ ಜಾಬ್ ಶೀಟ್‌ನಲ್ಲಿ ಬರೆದುಕೊಡಿ ಅಂದಾಗ 'ಬೋರ್ಡ್ ಹಾಳು' ಎಂದಷ್ಟೇ ಬರೆದರು. ಆ ಚೀಟಿಯೇ ಆಮೇಲೆ ಕೆಲಸಕ್ಕೆ ಬಂತು.

ಕಸ್ಟಮರ್ ಕೇರ್‌ನವರದೂ ಅದೇ ಇಲಿ ಕತೆ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು. ಬಿಲ್, ವಾರಂಟಿ ಕಾರ್ಡ್, ಫೋಟೊ, ಜಾಬ್ ಶೀಟ್ ಎಲ್ಲ ಸೇರಿಸಿ ಕಂಪನಿಗೂ ಇಮೇಲ್ ಕಳಿಸಿ, ಸರಿ ಮಾಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ನೇರವಾಗಿ ಬರೆದೆ. ಸುಮ್ನೆ ಹೆದರಿಸಲು ಬರೆದದ್ದಲ್ಲ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ತೊಂದರೆಯಾದ 2 ವರ್ಷದೊಳಗೆ ಹಾಕಬೇಕು, ಅಷ್ಟೆ.

ಸ್ವಲ್ಪ ದಿನಕ್ಕೆ ಬೇರೆ ಮೆಕ್ಯಾನಿಕ್ ಬಂದು ಹೊಸ ಬೋರ್ಡ್ ಹಾಕಿದರು, ಒಂದು ರೂಪಾಯಿಯೂ ಕೇಳಲಿಲ್ಲ. 'ವಾರಂಟಿಯಲ್ಲಿ ಬದಲಿಸಿದೆ' ಎಂದು ಬರೆಸಿಕೊಂಡೇ ಅವರನ್ನು ಕಳಿಸಿದೆ.

ಇನ್ನೊಂದು ವಿಷಯ. ಮೆಷಿನ್ ಮೇಲೆ 10 ವರ್ಷ ವಾರಂಟಿ ಅಂತ ದೊಡ್ಡ ಸ್ಟಿಕ್ಕರ್ ಇದ್ದರೆ ಅದು ಹೆಚ್ಚಾಗಿ ಮೋಟರ್‌ಗೆ ಮಾತ್ರ. ಬೋರ್ಡ್‌ಗೆ ಎಷ್ಟು ವರ್ಷ ಎಂದು ಕಾರ್ಡಿನಲ್ಲಿ ಓದಿಯೇ ಕೊಳ್ಳಿ.