ಸನ್ನತಿಗೆ ಹೋಗುವುದಾದರೆ ಅಮಾವಾಸ್ಯೆ ನೋಡಿಕೊಂಡು ಹೊರಡಿ

ಅಮಾವಾಸ್ಯೆ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನನ್ನ ದಡ್ಡತನ ಕೇಳಿ. ಕಲಬುರಗಿ ಜಿಲ್ಲೆಯ ಈ ಊರಿಗೆ ಮೊದಲ ಸಲ ಹೋಗಿದ್ದು ಏಪ್ರಿಲ್‌ನಲ್ಲಿ, ಮಟಮಟ ಮಧ್ಯಾಹ್ನ. ಅಲ್ಲಿನ ದೇವಿ ಚಂದ್ರಲಾಂಬೆಗೆ ಕೈ ಮುಗಿದು, ಭೀಮಾ ನದಿ ನೋಡಿ, ಬೆವರು ಒರೆಸಿಕೊಂಡು ವಾಪಸ್ ಬಂದೆ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕ ಕಲ್ಲಿನಲ್ಲಿ ನಿಂತಿದ್ದಾನೆ ಅನ್ನುವುದು ಮನೆಗೆ ಬಂದು ಮೊಬೈಲ್ ತಿರುವುವಾಗ ಗೊತ್ತಾಯಿತು. ನಿಮಗೆ ಹಾಗಾಗಬಾರದು.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಕಲಬುರಗಿಯಿಂದ ಸುಮಾರು 60 ಕಿ.ಮೀ. ರೈಲಿನವರು ನಾಲವಾರದಲ್ಲಿ ಇಳಿಯಬಹುದು, ಆದರೆ ಸ್ವಂತ ಗಾಡಿ ಇದ್ದರೆ ತಲೆನೋವಿಲ್ಲ. ನೀರು, ಟೋಪಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಒಂದು ಸಣ್ಣ ಹೋಂವರ್ಕ್ ಇದೆ. ಒಂದು ಹಾಳೆ ತೆಗೆದುಕೊಂಡು ಬ್ರಾಹ್ಮಿ ಲಿಪಿಯ ನಾಲ್ಕು ಅಕ್ಷರ ಕಲಿಯಿರಿ: ರ, ಯ, ಅ, ಸ. ಐದನೆಯದು ಕ, ಅದನ್ನು ಕಲಿಯುವುದೇ ಬೇಡ, ಅದು ಗಣಿತದ ಪ್ಲಸ್ ಗುರುತು, ಅಷ್ಟೇ. ಅದರ ತಲೆಗೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಗೆರೆ ಎಳೆದರೆ ‘ಕೋ’. ‘ಸೋ’ಗೂ ಹಾಗೆಯೇ, ‘ರಾ’ಗೆ ಬಲಕ್ಕೊಂದೇ ಗೆರೆ. ಇಷ್ಟು ಬಂದರೆ ‘ರಾಯ ಅಸೋಕೋ’, ಅಂದರೆ ರಾಜ ಅಶೋಕ, ಎಂದು ನೀವೇ ಓದಬಹುದು. ಕಲ್ಲಿನ ಮೇಲಿನ ಎರಡು ಸಾವಿರ ವರ್ಷದ ಹಳೆಯ ಅಕ್ಷರವನ್ನು ಗೈಡ್ ಹೇಳದೆಯೇ ಓದುವ ಖುಷಿ ಬೇರೆ, ನಂಬಿ.

ಮೊದಲು ಸನ್ನತಿ. ಇಲ್ಲಿನ ಕಥೆ ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ. 1986ರಲ್ಲಿ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಎರಡೂ ಬದಿಗೆ ಅಶೋಕನ ಶಾಸನ! ಯಾರೋ ಹಿಂದಿನವರು ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಆ ಜಾಗದ ಅಕ್ಷರಗಳು ಹೋಗಿವೆ. ಬೈಯಲು ಹೋಗಬೇಡಿ, ಪೀಠವಾಗಿದ್ದಕ್ಕೇ ಆ ಕಲ್ಲು ಉಳಿಯಿತು ಅಲ್ವಾ. ಅದರಲ್ಲಿರುವ, ಅಶೋಕನ ಬಂಡೆಗಲ್ಲು ಶಾಸನಗಳ ಪೈಕಿ 12ನೆಯದರ ಕನ್ನಡ ಅನುವಾದ ಹುಡುಕಿ ಜೇಬಿನಲ್ಲಿಟ್ಟುಕೊಳ್ಳಿ. ನಿನ್ನ ಪಂಥವನ್ನು ಸುಮ್ನೆ ಹೊಗಳಿ ಬೇರೆಯವರದನ್ನು ಹಳಿದರೆ ಹಾಳಾಗುವುದು ನಿನ್ನದೇ ಪಂಥ, ಅದರ ಮಾತು ಇಷ್ಟೇ.

ಆಮೇಲೆ ಕನಗನಹಳ್ಳಿ, ಹತ್ತಿರವೇ. ದಿನದ ಹೆಚ್ಚು ಹೊತ್ತು ಇಲ್ಲಿಗೇ ಇಡಿ. 1990ರ ದಶಕದಲ್ಲಿ ಅಗೆದಾಗ ಸಿಕ್ಕ ಸ್ತೂಪ, ಶಾಸನಗಳಲ್ಲಿ ಇದರ ಹೆಸರು ಅಧೋಲೋಕ ಮಹಾಚೈತ್ಯ. ಶಿಲ್ಪಗಳೆಲ್ಲ ಸುಣ್ಣಕಲ್ಲಿನವು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ಇದೆಯಲ್ಲ, ಅದೇ ಜಾತಿ. ಕೆಲಸ ನಡೆಯುತ್ತಿದ್ದರೆ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ, ಅಶೋಕನ ಫಲಕ ಎಲ್ಲಿದೆ, ನೋಡಬಹುದಾ, ಫೋಟೋ ತೆಗೆಯಬಹುದಾ ಎಂದು ಕಾವಲಿನವರನ್ನು ಮೊದಲೇ ಕೇಳಿ. ರಾಜ, ಎದುರಿಗೆ ರಾಣಿ, ಹಿಂದೆ ಛತ್ರಿ, ಚಾಮರ ಹಿಡಿದ ಹೆಣ್ಣುಮಕ್ಕಳು. ಆ ಫಲಕದಲ್ಲೇ ನಿಮ್ಮ ಪ್ಲಸ್ ಗುರುತು ಹುಡುಕಿ. ಶಾತವಾಹನ ರಾಜರ ಫಲಕಗಳೂ ಹೆಸರಿನ ಸಮೇತ ಸಿಕ್ಕಿವೆ. ಬುದ್ಧನ ಪಾದಗಳ ಮುಂದೆ ಒಂದು ಗಳಿಗೆ ಸುಮ್ಮನೆ ಕೂರಿ. ಕಲ್ಲು ಮುಟ್ಟಬೇಡಿ, ಒರಗಬೇಡಿ.

ಮರುದಿನ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಕಲಬುರಗಿಯಿಂದ ಸೇಡಂ ಕಡೆಗೆ ಸುಮಾರು 40 ಕಿ.ಮೀ. ಕೋಟೆ ಅಂಥ ದೊಡ್ಡ ನೋಟವೇನಲ್ಲ, ಬೇಗ ಮುಗಿಯುತ್ತದೆ. ಆದರೆ ಕಾಗಿಣಾ ದಂಡೆಯಲ್ಲಿ ಕೂತು ಕವಿರಾಜಮಾರ್ಗ ತೆರೆಯಿರಿ. ಇಲ್ಲಿ ಆಳಿದ ರಾಜ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯ ಬರೆದದ್ದು. ಹಳಗನ್ನಡ ಎಂದು ಹೆದರಬೇಡಿ, ‘ಕಸವರ’ ಎಂಬ ಪದ ಇರುವ ಪದ್ಯ ಒಂದೇ ಸಾಕು. ಕಸವರ ಅಂದರೆ ಚಿನ್ನ. ಬೇರೆಯವರ ವಿಚಾರವನ್ನು, ಬೇರೆಯವರ ಧರ್ಮವನ್ನು ಸೈರಿಸುವುದೇ ಚಿನ್ನ ಅನ್ನುತ್ತದೆ ಆ ಪದ್ಯ. ಜೇಬಿನಲ್ಲಿರುವ ಅಶೋಕನ ಶಾಸನದ ಅನುವಾದ ತೆಗೆದು ಪಕ್ಕಕ್ಕಿಟ್ಟು ನೋಡಿ. ನಡುವೆ ಸಾವಿರ ವರ್ಷಕ್ಕೂ ಜಾಸ್ತಿ ಅಂತರ. ಒಂದನ್ನು ನೋಡಿ ಇನ್ನೊಂದು ಬರೆದರು ಅಂತ ನಾನು ಹೇಳುತ್ತಿಲ್ಲ, ಈ ನೆಲದಲ್ಲಿ ಎರಡೂ ಇವೆ ಅಷ್ಟೇ.

ಈಗ ಅಮಾವಾಸ್ಯೆ ವಿಷಯ. ಈ ಭಾಗದ ಮಠಗಳಲ್ಲಿ ತತ್ವಪದದ ಭಜನೆ ಸಾಮಾನ್ಯವಾಗಿ ಅಮಾವಾಸ್ಯೆ ರಾತ್ರಿ. ಏಕತಾರಿ, ದಮ್ಮಡಿ, ತಾಳ, ಮೈಕ್ ಇದ್ದರೂ ಇರಬಹುದು. ಕಡಕೋಳ ಮಡಿವಾಳಪ್ಪನ ಪದ ಹಾಡಿ ಎಂದು ಕೇಳಿ. ಅವರ ಶಿಷ್ಯ ಚೆನ್ನೂರ ಜಲಾಲಸಾಬರದೂ ಒಂದಾಗಲಿ ಅನ್ನಿ. ಸಾಬರು ಮಠದ ಗುರುವಿಗೆ ಶಿಷ್ಯರಾಗಿ ಕನ್ನಡದಲ್ಲಿ ಪದ ಕಟ್ಟಿದ್ದನ್ನು ಅಲ್ಲಿ ಯಾರೂ ವಿಶೇಷ ಎಂದು ಹೇಳುವುದಿಲ್ಲ, ಹಾಡುತ್ತಾರೆ. ಹೋದ ಕೂಡಲೇ ಮೊಬೈಲ್ ಎತ್ತಬೇಡಿ. ಎರಡು ಪದ ಕೇಳಿ, ಆಮೇಲೆ ರೆಕಾರ್ಡ್ ಮಾಡಲೇ ಎಂದು ಕೇಳಿದರೆ ಯಾರೂ ಬೇಡ ಅಂದದ್ದು ನನಗೆ ನೆನಪಿಲ್ಲ. ಕೈಗೆ ತಾಳ ಕೊಟ್ಟರೆ ಮಾತ್ರ ಬರುವುದಿಲ್ಲ ಎಂದು ಹಿಂದೆ ಸರಿಯಬೇಡಿ, ಪಕ್ಕದವರ ಕೈ ನೋಡಿಕೊಂಡು ಹೊಡೆಯಿರಿ. ಬೆಳಗಿನ ಜಾವದವರೆಗೆ ನಡೆಯಬಹುದು, ಮರುದಿನ ಗಾಡಿ ಓಡಿಸಲು ನಿದ್ದೆಯಾದವರೊಬ್ಬರು ಜೊತೆಗಿರಲಿ.